ಪುಟ್ಟ ಸೆಲ್ ವರ್ಷಗಟ್ಟಲೆ ಬಾಳುವುದು ಹೇಗೆ?

ಮಕ್ಕಳೇ, ಟಾರ್ಚನ್ನು ರಾತ್ರಿಯಿಡೀ ಉರಿಸಿದರೆ ಬೆಳಗಾಗುವಷ್ಟರಲ್ಲಿ ಅದರ ಸೆಲ್‌ಗಳು ಸೋತುಹೋಗುತ್ತವೆ. ಆದರೆ ಅಂಕಿ ತೋರಿಸುವ ಕೈಗಡಿಯಾರ ಹಗಲಿರುಳೂ ಸಮಯ ತೋರಿಸುತ್ತದೆ. ಆದರೂ ಅಂಗಿಯ ಗುಂಡಿಯಷ್ಟು ಚಿಕ್ಕ ಸೆಲ್ ಒಂದೆರಡು ವರ್ಷ ಬಾಳುತ್ತದೆ. ಇದು ಹೇಗೆ ಸಾಧ್ಯ?

ಮಾಡಿ ನೋಡಿ

ಇಂಥ ಗಡಿಯಾರವನ್ನು ಕತ್ತಲೆ ಕೋಣೆಗೆ ಒಯ್ಯಿರಿ. ಅದರ ದೀಪದ ಗುಂಡಿ ಒತ್ತಬೇಡಿ. ಅಂಕಿಗಳು ಕಾಣುತ್ತವೆಯೇ? ಇಲ್ಲ. ಈಗ ಟಾರ್ಚ್ ಬೆಳಕು ಬಿಡಿ. ಅಂಕಿಗಳು ಕಪ್ಪಾಗಿ ಕಾಣುತ್ತವೆ. ಅಂದರೆ ಅವು ಸ್ವತಃ ಬೆಳಕು ಕೊಡುವುದಿಲ್ಲ; ಹೊರಗಿನ ಬೆಳಕನ್ನು ತಡೆಯುತ್ತವೆ, ಅಷ್ಟೆ!

ಒಳಗೆ ಏನಿದೆ?

ಎರಡು ಗಾಜಿನ ಹಾಳೆಗಳ ನಡುವೆ, ಕೂದಲಿಗಿಂತ ತೆಳುವಾದ ದ್ರವಸ್ಫಟಿಕದ ಪದರವಿದೆ. ಇದು ದ್ರವದಂತೆ ಹರಿಯುತ್ತದೆ. ಆದರೆ ಇದರ ಅಣುಗಳು ಸಾಲಾಗಿ ನಿಲ್ಲುತ್ತವೆ. ಈ ಸಾಲು ಸುರುಳಿ ಮೆಟ್ಟಿಲಿನಂತೆ ತಿರುಚಿಕೊಂಡಿರುತ್ತದೆ. ಗಾಜಿನ ಹೊರಗೆ ಒಂದೊಂದು ಪೋಲರಾಯ್ಡ್ ಹಾಳೆ, ಹಿಂದೆ ಕನ್ನಡಿಯಂಥ ಪದರ ಇವೆ. ಮೊದಲ ಹಾಳೆ ದಾಟಿದ ಬೆಳಕಿನ ಕಂಪನದ ದಿಕ್ಕು ಮೆಟ್ಟಿಲಿನೊಂದಿಗೆ ತಿರುಗುತ್ತದೆ. ಆಗ ಅದು ಎರಡನೆಯ ಹಾಳೆಯನ್ನೂ ದಾಟಿ, ಪ್ರತಿಫಲಿಸಿ ಹಿಂದಿರುಗುತ್ತದೆ. ವೋಲ್ಟೇಜ್ ಕೊಟ್ಟಾಗ ಅಣುಗಳು ನೆಟ್ಟಗೆ ನಿಲ್ಲುತ್ತವೆ. ಬೆಳಕು ತಿರುಗುವುದಿಲ್ಲ, ಎರಡನೆಯ ಹಾಳೆ ಅದನ್ನು ತಡೆಯುತ್ತದೆ. ಆ ಭಾಗ ಕಪ್ಪಾಗುತ್ತದೆ.

ಉಳಿತಾಯದ ಗುಟ್ಟು

ದ್ರವಸ್ಫಟಿಕದ ಮೂಲಕ ವಿದ್ಯುತ್ ಹರಿಯುವುದೇ ಅತ್ಯಲ್ಪ. ಆದರೆ ವೋಲ್ಟೇಜ್ ಒಂದೇ ದಿಕ್ಕಿನಲ್ಲಿದ್ದರೆ ದ್ರವ ಕೆಡುತ್ತದೆ. ಆದ್ದರಿಂದ ದಿಕ್ಕನ್ನು ಸತತವಾಗಿ ಬದಲಿಸಬೇಕು. ಪ್ರತಿ ಬದಲಾವಣೆಗೂ ಸ್ವಲ್ಪ ವಿದ್ಯುತ್ ಖರ್ಚಾಗುತ್ತದೆ. ಸೆಕೆಂಡಿಗೆ 60 ಆವರ್ತನೆಗಳ ಬದಲು 30 ಮಾಡಿದರೆ ಈ ಖರ್ಚು ಅರ್ಧಕ್ಕಿಳಿಯುತ್ತದೆ. ಇನ್ನೂ ಇಳಿಸುತ್ತ ಹೋದರೆ ಅಂಕಿಗಳು ಮಿಟುಕಿದಂತೆ ಕಾಣುತ್ತವೆ! ಆದ್ದರಿಂದ ಕಣ್ಣಿಗೆ ತೊಂದರೆಯಾಗದಷ್ಟು ಮಾತ್ರ ಇಳಿಸುತ್ತಾರೆ.

1972ರಲ್ಲಿ ಅಮೆರಿಕದಲ್ಲಿ ಪಲ್ಸರ್ ಎಂಬ ಕೈಗಡಿಯಾರ ಮಾರಾಟಕ್ಕೆ ಬಂತು. ಅದರ ಅಂಕಿಗಳು ತಾವೇ ಕೆಂಪಾಗಿ ಬೆಳಗುತ್ತಿದ್ದವು. ಸೆಲ್ ಬೇಗ ಮುಗಿಯದಿರಲೆಂದು ಗುಂಡಿ ಒತ್ತಿದಾಗ ಮಾತ್ರ ಸಮಯ ಕಾಣುವಂತೆ ಮಾಡಿದ್ದರು! ಬೆಳಕನ್ನು ಉಂಟುಮಾಡುವುದು ದುಬಾರಿ. ಇರುವ ಬೆಳಕನ್ನು ತಡೆಯುವುದು ಅಗ್ಗ.

ನೀವೇನು ಮಾಡಬಹುದು?

ಹಗಲಿನಲ್ಲಿ ಗಡಿಯಾರದ ದೀಪದ ಗುಂಡಿ ಒತ್ತಬೇಡಿ. ಲೆಕ್ಕ ಮುಗಿದೊಡನೆ ಕ್ಯಾಲ್ಕುಲೇಟರ್ ಆರಿಸಿ.

ಎಚ್ಚರಿಕೆ: ಗುಂಡಿ ಸೆಲ್ಲನ್ನು ಎಂದಿಗೂ ಬಾಯಿಗೆ ಹಾಕಬೇಡಿ, ಪುಟ್ಟ ಮಕ್ಕಳ ಕೈಗೆ ಸಿಗದಂತೆ ಇಡಿ. ನುಂಗಿದರೆ ಅದು ಅನ್ನನಾಳವನ್ನು ಸುಡಬಲ್ಲದು. ಯಾರಾದರೂ ನುಂಗಿದರೆ ತಡಮಾಡದೆ ದೊಡ್ಡವರಿಗೆ ತಿಳಿಸಿ, ಆಸ್ಪತ್ರೆಗೆ ಕರೆದೊಯ್ಯಬೇಕು.

ಪಟ್ಟಿ ಮಾಡಿ: ನಿಮ್ಮ ಸುತ್ತಲಿನ ಯಾವ ಅಂಕಿಫಲಕಗಳು ತಾವೇ ಬೆಳಗುತ್ತವೆ? ಯಾವುವು ಹೊರಗಿನ ಬೆಳಕಿನಿಂದ ಕಾಣುತ್ತವೆ?