ವಾಂತಿಭೇದಿಯೂ ಉಪ್ಪುಸಕ್ಕರೆಯ ನೀರೂ

ಯುದ್ಧವೆಂದೊಡನೆ ವಿದ್ಯಾರ್ಥಿಗಳಿಗೆ ಕತ್ತಿ, ಬಂದೂಕು, ತೋಪುಗಳ ನೆನಪಾಗುವುದು ಸಹಜ. ಚರಿತ್ರೆಯ ಪಾಠಗಳೂ ಇವನ್ನೇ ಹೆಚ್ಚಾಗಿ ವರ್ಣಿಸುತ್ತವೆ. ಆದರೆ ಹಿಂದಿನ ಕಾಲದ ಎಷ್ಟೋ ಯುದ್ಧಗಳಲ್ಲಿ ಶಸ್ತ್ರದಿಂದ ಮಡಿದವರಿಗಿಂತ ಜಾಡ್ಯದಿಂದ ಮಡಿದವರೇ ಹೆಚ್ಚು ಎಂಬುದನ್ನು ನಾವು ಮರೆಯುತ್ತೇವೆ. ನಾವೀಗ ವಾಸಮಾಡುತ್ತಿರುವ ಆಲುವದ ಹೊಳೆದಂಡೆಯೇ ಇದಕ್ಕೊಂದು ಸಾಕ್ಷಿ. 1790ರಲ್ಲಿ ಟಿಪ್ಪೂ ಸುಲ್ತಾನನು ತಿರುವಾಂಕೂರಿನ ಕೋಟೆಸಾಲನ್ನು ಒಡೆದು, ಕೊಡುಂಗಲ್ಲೂರನ್ನು ಹಿಡಿದು, ಮೈಸೂರಿನ ದಂಡನ್ನು ಆಲುವದವರೆಗೂ ತಂದನು. ಆ ದಂಡಿನಲ್ಲಿ ನಮ್ಮ ನಾಡಿನ ರೈತರ ಮಕ್ಕಳು ಎಷ್ಟೋ ಮಂದಿ ಇದ್ದಿರಬೇಕು. ಅಷ್ಟರಲ್ಲಿ ಮಳೆಗಾಲ ಹಿಡಿದು ಪೆರಿಯಾರ್ ಉಕ್ಕಿತು. ಪಾಳೆಯದಲ್ಲಿ ಒಣನೆಲ ಉಳಿಯಲಿಲ್ಲ, ಮದ್ದುಗುಂಡು ನೆನೆಯಿತು, ಆಹಾರ ಸಾಲದಾಯಿತು, ಸಾಂಕ್ರಾಮಿಕ ಜಾಡ್ಯಗಳು ಹಬ್ಬಿದುವು ಎಂದು ತಿರುವಾಂಕೂರಿನ ಚರಿತ್ರಕಾರರು ಬರೆದಿದ್ದಾರೆ. ಇಂಗ್ಲಿಷರು ಮೈಸೂರಿನ ಮೇಲೆ ಏರಿಬರುವರೆಂಬ ಭಯವೂ ಸೇರಿ, ದಂಡು ಹಿಂದಿರುಗಿತು.

ದಂಡಿನ ಪಾಳೆಯವಾಗಲಿ, ದಂಡಿಗೆ ಹೆದರಿ ಓಡಿಬಂದವರ ಬೀಡಾಗಲಿ, ಜಾಡ್ಯಕ್ಕೆ ಎರಡೂ ಒಂದೇ. ಸಾವಿರಾರು ಜನ ಒಂದೆಡೆ ಕಿಕ್ಕಿರಿದಿರುವರು, ಕುಡಿಯುವ ನೀರೂ ಮಲಿನವಾದ ನೀರೂ ಬೆರೆಯುವುವು, ಹೊಟ್ಟೆಗಿಲ್ಲದೆ ಮೈ ಸೊರಗಿರುವುದು, ವೈದ್ಯನು ದೂರವಿರುವನು. ಇಂತಹ ಬೀಡಿನಲ್ಲಿ ರೋಗಿಗಳನ್ನು ಉಳಿಸುವುದೇ ಕಷ್ಟ. ಅದರ ಜೊತೆಗೆ ರೋಗವನ್ನು ಕುರಿತು ಹೊಸದೊಂದು ಜ್ಞಾನವನ್ನು ಅಲ್ಲಿ ಸಂಪಾದಿಸಲು ಸಾಧ್ಯವೇ? ಹಾಗೆ ಸಂಪಾದಿಸುವುದು ನ್ಯಾಯವೇ? ಈ ಎರಡು ಪ್ರಶ್ನೆಗಳಿಗೂ ಉತ್ತರವಾಗಿ ನಿಲ್ಲುವ ಒಂದು ಸಂಗತಿ 1971ರಲ್ಲಿ ನಮ್ಮ ದೇಶದಲ್ಲಿಯೇ ನಡೆಯಿತು.

ಮೊದಲು ವಾಂತಿಭೇದಿ, ಎಂದರೆ ಕಾಲರಾ, ಮನುಷ್ಯನನ್ನು ಹೇಗೆ ಕೊಲ್ಲುತ್ತದೆಂಬುದನ್ನು ತಿಳಿಯೋಣ. ಇದರ ಕ್ರಿಮಿಯು ರಕ್ತವನ್ನು ಸೇರುವುದಿಲ್ಲ. ಕರುಳನ್ನು ಕೊರೆಯುವುದೂ ಇಲ್ಲ. ಕರುಳಿನೊಳಗೆ ನೆಲಸಿ ಒಂದು ವಿಷವನ್ನು ಸ್ರವಿಸುತ್ತದೆ. ಈ ವಿಷವಿರುವುದನ್ನು 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಅವರು ಪ್ರಯೋಗದಿಂದ ತೋರಿಸಿಕೊಟ್ಟರು. ಆ ವಿಷದ ದೆಸೆಯಿಂದ ಕರುಳಿನ ಗೋಡೆಯು ಮೈಯೊಳಗಿನ ಉಪ್ಪನ್ನೂ ನೀರನ್ನೂ ಎಡೆಬಿಡದೆ ಹೊರಕ್ಕೆ ಸುರಿಯತೊಡಗುತ್ತದೆ. ಉಗ್ರವಾದ ರೋಗದಲ್ಲಿ ಗಂಟೆಗೆ ಒಂದು ಲೀಟರಿನಷ್ಟು ಹೋಗಬಹುದು. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವನು ಸಂಜೆಯೊಳಗೆ ಕಣ್ಣು ಗುಳಿಬಿದ್ದು, ನಾಡಿ ಸಿಕ್ಕದೆ, ಸಾಯುತ್ತಾನೆ. ಅವನನ್ನು ಕೊಂದುದು ನೀರಿನ ಅಭಾವ. ಹೋದ ನೀರನ್ನೂ ಉಪ್ಪನ್ನೂ ಹೋದ ವೇಗದಲ್ಲಿಯೇ ತುಂಬುತ್ತ ಬಂದರೆ, ಕೆಲವು ದಿನಗಳಲ್ಲಿ ರೋಗವು ತಾನಾಗಿಯೇ ಇಳಿದು ರೋಗಿಯು ಎದ್ದು ಕೂಡುತ್ತಾನೆ.

ಹೀಗೆ ತುಂಬಲು ಆಸ್ಪತ್ರೆಗಳಲ್ಲಿದ್ದ ದಾರಿ ಒಂದೇ: ಸೂಜಿ ಚುಚ್ಚಿ ರಕ್ತನಾಳದೊಳಕ್ಕೆ ಸಲೈನ್ ಹರಿಸುವುದು. ಅದಕ್ಕೆ ಶುದ್ಧಮಾಡಿದ ಸೀಸೆಗಳು ಬೇಕು, ಕೊಳವೆಗಳು ಬೇಕು, ನುರಿತ ಕೈ ಬೇಕು.

1971ರ ಮಾರ್ಚ್ ಕೊನೆಯಲ್ಲಿ ಪೂರ್ವ ಬಂಗಾಳದಲ್ಲಿ ಪಾಕಿಸ್ತಾನದ ಸೈನ್ಯವು ಕೈಗೊಂಡ ಹಿಂಸೆಯಿಂದ ತಪ್ಪಿಸಿಕೊಂಡು, ಆ ವರ್ಷ ಸುಮಾರು ಒಂದು ಕೋಟಿ ಜನ ಭಾರತಕ್ಕೆ ವಲಸೆ ಬಂದರು. (ಪೂರ್ವ ಬಂಗಾಳದಿಂದ ಬಂದ ಇಂತಹ ನಿರಾಶ್ರಿತರ ಕುಟುಂಬಗಳು ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರಿನ ಬಳಿಯ ಕ್ಯಾಂಪುಗಳಲ್ಲಿ ಇಂದಿಗೂ ಬಾಳುತ್ತಿವೆ ಎಂಬುದನ್ನು ಆ ಕಡೆಯವರು ಬಲ್ಲರು.) ಗಡಿಗೆ ಹತ್ತಿರವಾದ ಬನಗಾಂವ್ ಪಟ್ಟಣದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಮಳೆ ಹಿಡಿಯಿತು, ವಾಂತಿಭೇದಿ ಎದ್ದಿತು. ಕಲ್ಕತ್ತೆಯಲ್ಲಿದ್ದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧನ ಕೇಂದ್ರದಿಂದ ದಿಲೀಪ್ ಮಹಲನಾಬಿಸ್ ಎಂಬ ತರುಣ ವೈದ್ಯರು ತಮ್ಮ ತಂಡದೊಡನೆ ಜೂನ್ ತಿಂಗಳಲ್ಲಿ ಅಲ್ಲಿಗೆ ಹೋದರು. ಅಲ್ಲಿದ್ದುದು ಹದಿನಾರು ಹಾಸಿಗೆಗಳು. ಎರಡು ಕೋಣೆಗಳ ನೆಲದ ತುಂಬ ರೋಗಿಗಳು ಮಲಗಿದ್ದರು. ಸಲೈನ್ ಹಚ್ಚಬೇಕಾದರೆ ವೈದ್ಯರು ಅವರ ವಾಂತಿ ಮಲಗಳ ನಡುವೆಯೇ ಮೊಣಕಾಲೂರಬೇಕಾಗಿತ್ತು. ಕೆಲವೇ ದಿನಗಳಲ್ಲಿ ಸಲೈನ್ ಸಂಗ್ರಹವೂ ಮುಗಿಯುತ್ತ ಬಂದಿತು.

ಆಗ ಮಹಲನಾಬಿಸರು ಒಂದು ನಿರ್ಧಾರಕ್ಕೆ ಬಂದರು. ಉಳಿದ ಸಲೈನನ್ನು ಪ್ರಾಣಾಂತಿಕ ಸ್ಥಿತಿಯಲ್ಲಿದ್ದವರಿಗೆ ಮಾತ್ರ ಮೀಸಲಿಟ್ಟು, ಮಿಕ್ಕ ಎಲ್ಲರಿಗೂ ಬಾಯಿಂದಲೇ ಉಪ್ಪುಸಕ್ಕರೆಯ ನೀರನ್ನು ಕುಡಿಸುವುದು. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡಿಗೆಯ ಉಪ್ಪು, 2.5 ಗ್ರಾಂ ಅಡಿಗೆಯ ಸೋಡ. ಇವನ್ನು ಕಲ್ಕತ್ತೆಯ ಕೇಂದ್ರದ ಪುಸ್ತಕಾಲಯದ ಕೋಣೆಯಲ್ಲಿ ತೂಗಿ, ಪಾಲಿಥಿನ್ ಚೀಲಗಳಿಗೆ ತುಂಬಿ, ಇಸ್ತ್ರಿ ಕಾಯಿಸಿ ಬಾಯಿ ಮುಚ್ಚಿ, ಬನಗಾಂವಿಗೆ ಸಾಗಿಸಿದರು. ಲೀಟರಿಗೆ ತಗಲಿದ ವೆಚ್ಚ 11 ಪೈಸೆ. ಅಲ್ಲಿ ನಲ್ಲಿಯಿರುವ ಪೀಪಾಯಿಗಳಲ್ಲಿ ಕದಡಿಟ್ಟರು. ತಾಯಿ, ಅಣ್ಣ, ಹೆಂಡತಿ, ಯಾರು ರೋಗಿಯ ಜೊತೆಗೆ ಬಂದಿದ್ದರೋ ಅವರೇ ಲೋಟದಲ್ಲಿ ಹಿಡಿದು ಕುಡಿಸಿದರು.

ಕುಡಿದ ನೀರು ಮತ್ತೆ ಭೇದಿಯಾಗಿಯೇ ಹೋಗುವುದಿಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಬರಿಯ ನೀರಾದರೆ ಹೋಗುತ್ತದೆ. ಬರಿಯ ಉಪ್ಪುನೀರಾದರೂ ಹೋಗುತ್ತದೆ. ಕರುಳಿನ ಗೋಡೆಯಲ್ಲಿ ಉಪ್ಪನ್ನು ಒಳಕ್ಕೊಯ್ಯುವ ಕೆಲವು ದಾರಿಗಳನ್ನು ಕಾಲರಾ ವಿಷವು ಮುಚ್ಚಿಬಿಡುತ್ತದೆ. ಆದರೆ ಒಂದು ದಾರಿಯನ್ನು ಅದು ಮುಟ್ಟದು. ಅದನ್ನು ಹೊಳೆಯ ದೋಣಿಗೆ ಹೋಲಿಸಬಹುದು. ಈ ದೋಣಿಯ ಅಂಬಿಗನು ಉಪ್ಪೊಂದೇ ಬಂದರೆ ಹತ್ತಿಸಿಕೊಳ್ಳನು, ಸಕ್ಕರೆಯೊಂದೇ ಬಂದರೂ ಹತ್ತಿಸಿಕೊಳ್ಳನು. ಎರಡೂ ಜೊತೆಯಾಗಿ ಬಂದರೆ ಮಾತ್ರ ಆಚೆ ದಡಕ್ಕೆ ದಾಟಿಸುವನು. ಅವೆರಡೂ ದಾಟಿದರೆ ನೀರು ತಾನೇ ಹಿಂಬಾಲಿಸುತ್ತದೆ. ರಾಬರ್ಟ್ ಕ್ರೇನ್ ಎಂಬ ಅಮೆರಿಕದ ವಿಜ್ಞಾನಿಯು 1960ರಲ್ಲಿ ಈ ಜೋಡಿಸಾಗಣೆಯನ್ನು ವಿವರಿಸಿದಾಗ, ಅದು ಜೀವರಸಾಯನದ ಒಂದು ಸೂಕ್ಷ್ಮ ವಿಷಯವಾಗಿತ್ತೇ ಹೊರತು ಔಷಧವಾಗಿರಲಿಲ್ಲ. 1968ರಲ್ಲಿ ಢಾಕ್ಕಾದಲ್ಲಿ ಡೇವಿಡ್ ನಲಿನ್, ರಿಚರ್ಡ್ ಕ್ಯಾಷ್ ಮತ್ತು ಅವರ ಸಂಗಡಿಗರು ವಾಂತಿಭೇದಿಯ ರೋಗಿಗಳಿಗೆ ಇಂತಹ ನೀರನ್ನು ಕೊಟ್ಟು, ಸಲೈನಿನ ಅಗತ್ಯವು ಬಹಳ ಮಟ್ಟಿಗೆ ತಗ್ಗುವುದನ್ನು ಹೋಲಿಕೆಯ ಪ್ರಯೋಗದಿಂದ ತೋರಿಸಿದರು. ಆದರೆ ಅದು ಆಸ್ಪತ್ರೆಯೊಳಗೆ, ವೈದ್ಯರ ಕಣ್ಣೆದುರಿಗೆ, ಅಳತೆಯಿಟ್ಟು ನಡೆದ ಕೆಲಸ. ಓದುಬರಹವಿಲ್ಲದ ತಾಯಿಯೊಬ್ಬಳು ಕೆಸರಿನ ನೆಲದಲ್ಲಿ ಕುಳಿತು ಇದನ್ನೇ ಮಾಡಬಲ್ಲಳೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ದೊರೆತುದು ಬನಗಾಂವಿನಲ್ಲಿ.

ಸುಮಾರು ಎರಡು ತಿಂಗಳಲ್ಲಿ ಅಲ್ಲಿ 3,700ಕ್ಕೂ ಹೆಚ್ಚು ರೋಗಿಗಳಿಗೆ ಚಿಕಿತ್ಸೆ ನಡೆಯಿತು. ಮೊದಲು ನೂರಕ್ಕೆ 30ರಷ್ಟು ರೋಗಿಗಳು ಸಾಯುತ್ತಿದ್ದ ಸ್ಥಳದಲ್ಲಿ ಆ ಪ್ರಮಾಣ ನೂರಕ್ಕೆ 3.6ಕ್ಕೆ ಇಳಿಯಿತು. ಅಂತಹ ಗಡಿಬಿಡಿಯಲ್ಲಿಯೂ ಎಷ್ಟು ಜನ ಬಂದರು, ಎಷ್ಟು ಜನ ಸತ್ತರು ಎಂಬ ಲೆಕ್ಕವನ್ನು ಅವರು ಬರೆದಿಟ್ಟುದೇ ಇಲ್ಲಿ ಮುಖ್ಯವಾದುದು. ಲೆಕ್ಕವಿಡದೆ ಹೋಗಿದ್ದರೆ ಆ ಜೀವಗಳೇನೋ ಉಳಿಯುತ್ತಿದ್ದುವು; ಆದರೆ ಮುಂದಿನ ಬೀಡಿನವರಿಗೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ.

ಈ ವರದಿ 1973ರಲ್ಲಿ ಜಾನ್ಸ್ ಹಾಪ್ಕಿನ್ಸ್ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಸಂಶಯಪಟ್ಟವರೂ ಉಂಟು. ಅವರ ಸಂಶಯ ತೀರ ಅಲ್ಲಗಳೆಯುವಂತಹುದಲ್ಲ. ಶಾಸ್ತ್ರೀಯ ಪ್ರಯೋಗದಲ್ಲಿ ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಹೊಸ ಚಿಕಿತ್ಸೆ, ಇನ್ನೊಂದಕ್ಕೆ ಹಳೆಯದು, ಹೀಗೆ ಕೊಟ್ಟು ಹೋಲಿಸಬೇಕು. ಬನಗಾಂವಿನಲ್ಲಿ ಹೋಲಿಕೆಯ ಪಂಗಡವಿರಲಿಲ್ಲ. ಮೊದಲು ಬಂದವರ ರೋಗ ಹೆಚ್ಚು ಉಗ್ರವಾಗಿತ್ತೇನೋ. ತೀರ ಬಲಹೀನರಾದವರಿಗೆ ಸಲೈನೂ ಸಿಕ್ಕಿತ್ತು. ಆದರೆ ಹೋಲಿಕೆಯ ಪಂಗಡವನ್ನು ಅಲ್ಲಿ ಯಾರಿಂದ ಮಾಡಬೇಕಾಗಿತ್ತು? ಪೀಪಾಯಿಯಲ್ಲಿ ನೀರು ತುಂಬಿರುವಾಗ, ಪಕ್ಕದ ಮಗುವಿಗೆ ಲೆಕ್ಕದ ಸಲುವಾಗಿ ಅದನ್ನು ಕೊಡದಿರುವುದು ವೈದ್ಯನ ಧರ್ಮವಲ್ಲ. ಢಾಕ್ಕಾದಲ್ಲಿ ಹೋಲಿಕೆ ಮೊದಲೇ ನಡೆದುಹೋಗಿತ್ತು. ಇಲ್ಲಿ ಬೇಕಾಗಿದ್ದುದು ಆಚರಣೆಯ ಪರೀಕ್ಷೆ. ಆದ್ದರಿಂದ ಈ ವರದಿಗೆ ಹೋಲಿಕೆಯಿಲ್ಲದ ಕೊರತೆಯಿದ್ದರೂ ಅದರ ಸಾಕ್ಷ್ಯ ಬಲವಾದುದೆಂದೇ ನಾವು ಎಣಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಧೀಮಾನ್ ಬರುವಾ ಅವರು ಬೀಡಿಗೆ ಬಂದು ಕಣ್ಣಾರೆ ಕಂಡು, ಇದರ ಪರವಾಗಿ ವಾದಿಸಿದರು. 1978ರಲ್ಲಿ ಲ್ಯಾನ್ಸೆಟ್ ಪತ್ರಿಕೆಯು ಇದನ್ನು ಆ ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆಯೆಂದು ಎಣಿಸಬಹುದೆಂಬ ಅಭಿಪ್ರಾಯವನ್ನಿತ್ತಿತು. ಮಹಲನಾಬಿಸರು 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣವು ಮರುವರ್ಷ ಅವರ ಹೆಸರಿಗೆ ಬಂದಿತು.

ಯುದ್ಧಪೀಡಿತವಾದ ಯೆಮನ್ ದೇಶದಲ್ಲಿ 2017ರ ಕೊನೆಯ ವೇಳೆಗೆ ವಾಂತಿಭೇದಿಯೆಂದು ಸಂಶಯಿಸಲಾದ ರೋಗಿಗಳ ಸಂಖ್ಯೆ ಹತ್ತು ಲಕ್ಷವನ್ನು ದಾಟಿತು. ಸತ್ತವರು ಎರಡು ಸಾವಿರಕ್ಕೂ ಹೆಚ್ಚು. ಸಾಮಾನ್ಯ ಭೇದಿಯವರೂ ಆ ಲೆಕ್ಕದಲ್ಲಿ ಸೇರಿರುವುದರಿಂದ ಇದನ್ನು ಬನಗಾಂವಿನ ಅಂಕಿಗಳೊಡನೆ ನೇರವಾಗಿ ಹೋಲಿಸುವುದು ಸರಿಯಲ್ಲ. ಆದರೂ ಆಸ್ಪತ್ರೆಗಳು ನೆಲಸಮವಾದ ನಾಡಿನಲ್ಲಿ ಅಷ್ಟು ಜನ ಬದುಕಿದುದಕ್ಕೆ ಈ ಪೊಟ್ಟಣವೂ ಒಂದು ಕಾರಣ.

ಆಲುವಕ್ಕೆ ಯುದ್ಧ ಮತ್ತೆ ಬರಲಿಲ್ಲ. ಹೊಳೆ ಮಾತ್ರ ಬಂದಿತು. 2018ರ ಆಗಸ್ಟಿನ ಮಹಾಪೂರದಲ್ಲಿ ಯೂನಿಯನ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಸಾವಿರಾರು ಜನ ಆಶ್ರಯ ಪಡೆದರು. ನೀರಿಳಿದ ಮೇಲೆ ಕೇರಳದಲ್ಲಿ ಇಲಿಜ್ವರ ಹೆಚ್ಚಿತು. ಕೆಸರಿನಲ್ಲಿ ಕೆಲಸಮಾಡುವವರಿಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಹಂಚಿದರು.

ಮನೆಯಲ್ಲಿ ಭೇದಿ ತಗಲಿದರೆ ಅಂಗಡಿಯ ಓ.ಆರ್.ಎಸ್. ಪೊಟ್ಟಣವೇ ಉತ್ತಮ. ಅದರಲ್ಲಿ ಹಿಂದಿಗಿಂತ ಉಪ್ಪೂ ಸಕ್ಕರೆಯೂ ಕಡಮೆಯಿರುವ, 2002ರಲ್ಲಿ ತಿದ್ದಿದ ಅಳತೆಯಿದೆ. ಅದು ಸಿಕ್ಕದಾಗ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಸಮತಟ್ಟಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಸಕ್ಕರೆ ಹೆಚ್ಚಾದರೆ ಭೇದಿಯೇ ಹೆಚ್ಚುವುದು. ರುಚಿ ನೋಡಿದಾಗ ಕಣ್ಣೀರಿಗಿಂತ ಉಪ್ಪಾಗಿರಬಾರದು. ಉಪ್ಪು ಹಾಕಿದ ತೆಳುಗಂಜಿಯೂ ಆಗಬಹುದು. ಕಣ್ಣು ಗುಳಿಬಿದ್ದು ಮಂಪರು ಕವಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ದಾರಿಯಲ್ಲಿಯೂ, ಮಗುವಿಗೆ ನುಂಗುವ ಎಚ್ಚರವಿದ್ದರೆ, ಕುಡಿಸುವುದನ್ನು ಬಿಡಬಾರದು. ವಾಂತಿಯಾದರೆ ಹತ್ತು ನಿಮಿಷ ತಡೆದು, ಮತ್ತೆ ಒಂದೊಂದೇ ಚಮಚವಾಗಿ ಕೊಡಬೇಕು.