ಚಿಂಕಾರ ಧಾಮದ ಬದಿಯ ರಸ್ತೆ ದುರಸ್ತಿ: ದರಪಟ್ಟಿಯಲ್ಲಿ ಸೇರಬೇಕಾದ ವೆಚ್ಚಗಳು

ಮುಧೋಳ ಹಾಗೂ ಬೀಳಗಿ ತಾಲೂಕುಗಳಲ್ಲಿ ಹಬ್ಬಿರುವ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮವು ಸುಮಾರು 96 ಚದರ ಕಿಲೋಮೀಟರು ವಿಸ್ತಾರದ ಕುರುಚಲು ಕಾಡು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಭಾರಕ್ಕೆ ನಮ್ಮ ಭಾಗದ ರಸ್ತೆಗಳು ಕೆಡುವುದೂ ದುರಸ್ತಿಗೆ ಟೆಂಡರು ಕರೆಯುವುದೂ ಹೊಸತಲ್ಲ. ಆದರೆ ಧಾಮದೊಳಗೆ ಹಾಯುವ ರಸ್ತೆಯ ಕೆಲಸ ಹಿಡಿಯುವವರು ಮೊದಲು ಒಂದು ವ್ಯತ್ಯಾಸವನ್ನು ಅರಿಯಬೇಕು.

ರಸ್ತೆಯನ್ನು ಇದ್ದ ಅಗಲದಲ್ಲಿಯೇ ಸುಸ್ಥಿತಿಯಲ್ಲಿಡುವುದು ನಿರ್ವಹಣೆ. ಅಗಲಗೊಳಿಸಿದರೆ ಪ್ರಕರಣವೇ ಬೇರೆ. ಕಡತವು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯವರೆಗೆ ಹೋಗಬೇಕಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೆಯ ಕಲಮು ಅನುಮತಿಯಿಲ್ಲದೆ ಧಾಮದ ನೆಲೆಯನ್ನು ಹಾಳುಗೆಡವುದನ್ನು ನಿಷೇಧಿಸುತ್ತದೆ. ಆದ್ದರಿಂದ ರಸ್ತೆಯ ಮಗ್ಗುಲಲ್ಲೇ ಗರಸು ಅಗೆದು ಹಾಕುವ ಹಳೆಯ ರೂಢಿ ಇಲ್ಲಿ ಸಲ್ಲದು. ರಾತ್ರಿ ಕೆಲಸವಿಲ್ಲ, ಕೂಲಿಕಾರರ ಬಿಡಾರ ಒಳಗಿಲ್ಲ, ಕಿತ್ತ ಡಾಂಬರು ಹೊರಗೆ ಸಾಗಬೇಕು ಎಂಬವು ಇಂಥ ಅನುಮತಿಗಳಲ್ಲಿ ಸಾಮಾನ್ಯವಾಗಿ ಕಾಣುವ ಷರತ್ತುಗಳು.

ಇವೆಲ್ಲ ಲೆಕ್ಕದ ಬಾಬುಗಳೇ. ಗರಸು, ಖಡಿ ದೂರದಿಂದ ಬಂದರೆ ಸಾಗಾಣಿಕೆ ಏರುತ್ತದೆ. ಹಗಲಷ್ಟೇ ಕೆಲಸವಾದರೆ ರೋಲರಿನ ಬಾಡಿಗೆ ದಿನಗಳು ಹೆಚ್ಚುತ್ತವೆ. ನನ್ನ ಕಕ್ಷಿದಾರರೊಬ್ಬರು ಸಾದಾ ರಸ್ತೆಯ ದರವನ್ನೇ ನಮೂದಿಸಿ ಕಡಿಮೆ ಬೆಲೆಗೆ ಕೆಲಸ ಪಡೆದರು. ಲಾಭವೆಲ್ಲ ಸಾಗಾಣಿಕೆಗೇ ಹೋಯಿತು. (ದರಪಟ್ಟಿಯನ್ನು ನನಗೆ ತೋರಿಸಿದ್ದು ಸಹಿ ಹಾಕಿದ ಮೇಲೆ!) ಷರತ್ತು ಮುರಿದು ದಂಡ ತೆತ್ತರಂತೂ ನಷ್ಟ ಇಮ್ಮಡಿ: ಕಾನೂನು ಉಲ್ಲಂಘನೆಗೆ ತೆತ್ತ ದಂಡವನ್ನು ಆದಾಯ ತೆರಿಗೆಯಲ್ಲಿ ವ್ಯಾಪಾರದ ಖರ್ಚೆಂದು ಕಳೆಯಲು ಬರುವುದಿಲ್ಲ.

ದರ ತುಂಬುವ ಮುನ್ನ ಅನುಮತಿ ಪತ್ರದ ನಕಲನ್ನು ಇಲಾಖೆಯಿಂದ ಲಿಖಿತವಾಗಿ ಕೇಳಿ ಪಡೆಯಿರಿ.