ಇನ್ ಸಿಲಿಕೊ ಪರೀಕ್ಷೆ: ಔಷಧ ಪರಿಣಾಮಕ್ಕೆ ಕಂಪ್ಯೂಟರ್ ಮಾದರಿ

1. ಇನ್ ವಿವೊ: ಜೀವಂತ ದೇಹದಲ್ಲಿ. ಇನ್ ವಿಟ್ರೊ: ದೇಹದ ಹೊರಗೆ, ಪ್ರಯೋಗಾಲಯದಲ್ಲಿ. ಇನ್ ಸಿಲಿಕೊ: ಕಂಪ್ಯೂಟರಿನಲ್ಲಿ.

2. ಅದಲುಬದಲಾಗುವ ಜೋಡಿ:
- ಫಾರ್ಮಕೊಕೈನೆಟಿಕ್ಸ್: ದೇಹ ಔಷಧವನ್ನು ಏನು ಮಾಡುತ್ತದೆ (ಹೀರಿಕೆ, ಹಂಚಿಕೆ, ಚಯಾಪಚಯ, ವಿಸರ್ಜನೆ).
- ಫಾರ್ಮಕೊಡೈನಮಿಕ್ಸ್: ಔಷಧ ದೇಹಕ್ಕೆ ಏನು ಮಾಡುತ್ತದೆ.

3. 1960: ಡೆನಿಸ್ ನೋಬಲ್, ಹೃದಯಕೋಶದ ಗಣಿತ ಮಾದರಿ. ಆಧಾರ: ಹಾಜ್‌ಕಿನ್–ಹಕ್ಸ್‌ಲಿ ಸಮೀಕರಣಗಳು (1952). 1963ರ ನೊಬೆಲ್ ಪ್ರಶಸ್ತಿ ಹಾಜ್‌ಕಿನ್, ಹಕ್ಸ್‌ಲಿ ಇಬ್ಬರಿಗೆ (ಎಕಲ್ಸ್ ಜೊತೆ). ನೋಬಲ್–ನೊಬೆಲ್ ಹೆಸರಿನ ಹೋಲಿಕೆಗೆ ಮೋಸಹೋಗಬೇಡಿ.

4. ಅತಿ ಮುಖ್ಯ: ವರ್ಜೀನಿಯಾ–ಪಡುವಾ ವಿಶ್ವವಿದ್ಯಾಲಯಗಳ ಟೈಪ್ 1 ಮಧುಮೇಹ ಸಿಮ್ಯುಲೇಟರ್.
- 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ.
- ಕೃತಕ ಮೇದೋಜೀರಕ ವ್ಯವಸ್ಥೆಯ ಇನ್ಸುಲಿನ್ ನಿಯಂತ್ರಣ ಪರೀಕ್ಷೆಯಲ್ಲಿ ಪ್ರಾಣಿ ಪ್ರಯೋಗಕ್ಕೆ ಬದಲಿ.
- 300 ಕಾಲ್ಪನಿಕ ರೋಗಿಗಳು: ವಯಸ್ಕರು, ಹದಿಹರೆಯದವರು, ಮಕ್ಕಳು ತಲಾ 100.
- ಮಾನವ ಪ್ರಯೋಗಕ್ಕೆ ಬದಲಿ ಅಲ್ಲ. ಪ್ರಶ್ನೆಯ ಉತ್ತರ ಆಯ್ಕೆಗಳಲ್ಲಿ ಎಡವುವುದು ಇಲ್ಲೇ.

5. ಎಫ್‌ಡಿಎ ಆಧುನೀಕರಣ ಕಾಯ್ದೆ 2.0 (ಡಿಸೆಂಬರ್ 2022): ಪ್ರಾಣಿ ಪರೀಕ್ಷೆಯ ಕಡ್ಡಾಯ ರದ್ದು, ಕಂಪ್ಯೂಟರ್ ಮಾದರಿಗೂ ಅವಕಾಶ. ಇದು ನಿಷೇಧವಲ್ಲ, ಎರಡು ಸಲ ಓದಿ.

6. ಭಾರತ: ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು, 2019. ಪ್ರಾಣಿಯೇತರ ವಿಧಾನಗಳಿಗೆ ಮಾನ್ಯತೆ 2023ರ ತಿದ್ದುಪಡಿಯಲ್ಲಿ.